ಬುಡ ಮುಂದಾಗಿ ಹಾರಿದೆ

ನಾನು ಒಂದು ಬಿದಿರಿನ ಭರ್ಜಿ. ಕಾಡಿನಂಚಿನ ಮೆಳೆಯಲ್ಲಿ ಹುಟ್ಟಿ ಮೇದಾರ ಕೇತಪ್ಪನ ಅಂಗಳಕ್ಕೆ ಬಂದೆ. ಕಡಿಯುವ ಮೊದಲು ಅವನು ಕೈಮುಗಿದು, "ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊ" ಎಂದಿದ್ದ. ಬುಟ್ಟಿಯೋ ಮೊರವೋ ಆಗುತ್ತೇನೆಂದು ಸುಮ್ಮನಿದ್ದೆ.

ಕೇತಪ್ಪನ ಮಗಳು ಶಿವಲೀಲಾ ಹನ್ನೆರಡರ ಹುಡುಗಿ. ಅವಳು ಗಳಗಳನ್ನು ಅಂಗಳದಿಂದಲೇ ಅಟ್ಟಕ್ಕೆ ಎಸೆಯುವುದನ್ನು ಶಾಲೆಯಲ್ಲಿ ಆಟ ಕಲಿಸುವ ನದಾಫ ಸರ್ ಕಂಡರು.

"ಕೇತಪ್ಪಾ, ಸಾಲ್ಯಾಗ ಭರ್ಜಿ ಇಲ್ಲ, ನೀನ ಒಂದು ಮಾಡು. ಬರೂ ತಿಂಗಳ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕಿ ಐತಿ. ಮೂವತ್ತು ಮೀಟರ್ ಒಗದ್ರ ಈಕಿಗೆ ಅಲ್ಲೇ ಊಟ, ಓದು, ತರಬೇತಿ."

ಕೇತಪ್ಪ ನನ್ನನ್ನು ಹೆರೆದು ನಯಮಾಡಿ, ತೆಳ್ಳನೆಯ ತುದಿಗೆ ಕಬ್ಬಿಣದ ಮೊನೆ ಕೂಡಿಸಿದ. ಶಿವಲೀಲಾ ಓಡಿ ಬಂದು ಎಸೆದಳು. ಹಾರಿದೆ, ನಿಜ. ಆದರೆ ನೆಲಕ್ಕೆ ಹಿಂದಿದ್ದ ಭಾರದ ಬುಡವೇ ಮೊದಲು ತಾಗಿತು. ಹತ್ತು ಸಲವೂ ಹಾಗೆಯೇ.

"ಮೊನಿ ಮೊದಲು ತಾಗದಿದ್ರ ಲೆಕ್ಕಕ್ಕಿಲ್ಲ," ಎಂದರು ಸರ್. "ದಪ್ಪ ಬುಡಕ್ಕ ಮೊನಿ ಹಾಕು."

"ಆಗೂದಿಲ್ಲ ಸರ. ಒಗಿಯೂವಾಗ ಬುಡ ಮ್ಯಾಲಾಗತೈತಿ. ಬಿದಿರಿನ ಬುಡ ಮ್ಯಾಲ ಮಾಡಿ ನಮ್ಮ ಮಂದಿ ಒಂದು ಗೂಟಾನೂ ನೆಡೂದಿಲ್ಲ. ಅಪಚಾರ."

ಆಯ್ಕೆಗೆ ಎಂಟೇ ದಿನ ಉಳಿದಿತ್ತು. ಶಿವಲೀಲಾ ನನ್ನನ್ನು ತಿರುಗಿಸಿ ಹಿಡಿದಳು.

"ಅಪ್ಪಾ, ನೀ ಹಾರೂದು ನೋಡಾಕತ್ತಿ. ಬೀಳೂದು ನೋಡು."

ಎಸೆದಳು. ಬುಡ ಹಸಿ ಮಣ್ಣನ್ನು ಕಚ್ಚಿತು. ಬುಡ ಕೆಳಗೆ, ತಲೆ ಆಕಾಶಕ್ಕೆ. ಮೆಳೆಯಲ್ಲಿದ್ದಂತೆಯೇ ನೆಟ್ಟಗೆ ನಿಂತುಬಿಟ್ಟೆ.

ಕೇತಪ್ಪ ಬಂದು ನನ್ನನ್ನು ಮಣ್ಣಿನಿಂದ ಕಿತ್ತ. "ಸರ, ಈಕಿ ಬಾಯಿ ಒಗದ್ರ ಅರವತ್ತು ಮೀಟರ್ ಹೋಗತೈತಿ," ಎನ್ನುತ್ತ ಬುಡಕ್ಕೆ ಹಾಕಲು ಮೊನೆ ಬಿಚ್ಚತೊಡಗಿದ.

ಆಯ್ಕೆಯ ದಿನ ಮೂರು ಅವಕಾಶ. ಮೊದಲನೆಯದು ಪಕ್ಕದ ಗೆರೆಯಾಚೆ ಬಿದ್ದು ಲೆಕ್ಕಕ್ಕೆ ಬರಲಿಲ್ಲ. ಎರಡನೆಯದು ಇಪ್ಪತ್ತೆಂಟಕ್ಕೇ ನಿಂತಿತು. "ಬುಟ್ಟಿ ಮಾರಾಕ ಬಂದೀ ಏನ?" ಎಂದು ಯಾರೋ ನಕ್ಕರು. ಶಿವಲೀಲಾ ಬೆವೆತ ಅಂಗೈಗೆ ಮಣ್ಣು ತಿಕ್ಕಿಕೊಂಡಳು. ನನ್ನನ್ನು ಕಣ್ಣಿಗೊತ್ತಿಕೊಂಡು ಓಡಿದಳು.

ಆಹಾ, ಆ ಹಾರಾಟ! ಮೆಳೆಯಲ್ಲಿ ಎಷ್ಟು ಮಳೆಗಾಲ ಕಳೆದರೂ ಅಷ್ಟೆತ್ತರ ನಾನು ಬೆಳೆದಿರಲಿಲ್ಲ. ಕೆಳಗೆ ಟೇಪು ಹಿಡಿದವರು, ಬಾಯಿ ತೆರೆದು ನಿಂತ ಕೇತಪ್ಪ. ಮೊನೆ ಮಣ್ಣಿಗಿಳಿಯಿತು. ಮೈಯೆಲ್ಲ ಝುಮ್ಮೆಂದು ನಡುಗುತ್ತ ನಿಂತೆ. ಎಸೆತ ಸರಿಯೆಂದು ಬಿಳಿ ಬಾವುಟ ಮೇಲೆದ್ದಿತು. ಟೇಪು ನನ್ನ ಕಾಲ ಬಳಿಗೆ ಬಂತು.

ಮೂವತ್ತೊಂದು.

ಅವಳು ಹಾಸ್ಟೆಲ್ಲಿಗೆ ಹೋದಳು, ನಾನು ಶಾಲೆಗೆ. ಕೇರಿಯ ಎಷ್ಟೋ ಪುಟ್ಟ ಕೈಗಳು ನನ್ನನ್ನು ಎಸೆದವು, ಓಡಿಬಂದು ಕಿತ್ತವು. ಕೊನೆಗೆ ಮೈ ಸೀಳಿತು. ಈಗ ಕೇತಪ್ಪನ ಅಟ್ಟದಲ್ಲಿದ್ದೇನೆ.

ಮೊನ್ನೆ ರಜೆಗೆ ಬಂದ ಶಿವಲೀಲಾ ನನ್ನನ್ನು ಇಳಿಸಿ ತೂಗಿ ನೋಡಿದಳು. "ಒಣಗಿ ಎಷ್ಟು ಹಗುರಾಗೇತಪ್ಪಾ ಇದು."

"ಅದು ಇದ್ದಷ್ಟ ಐತವ್ವಾ. ನಿನ್ನ ಕೈ ಬೆಳದೈತಿ."

ಒಂದು ಕೈಯನ್ನು ಬೆಳೆಸಿ, ಕೊನೆಗೆ ಅದಕ್ಕೆ ಸಾಲದೆ ಹೋಗುವುದು. ಶಿವನಲ್ಲಿ ಇದಕ್ಕಿಂತ ಹೆಚ್ಚಿಗೆ ನಾನೇನು ಬೇಡಲಿ?