ಹನ್ನೊಂದು ನಿಮಿಷ ನಿಂತ ರೈಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚಿಕ್ಕಂದಿನಿಂದಲೂ ಹಾಗೇ. ನನ್ನ ಹೊಲಿಗೆ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವವರಿಗೆ ಮುಖದ ಮೇಲೆ ಹೊಡೆದ ಹಾಗೆ ಬೈಯುತ್ತೇನೆ, ಆದರೂ ಅವರು ನನ್ನ ಹತ್ತಿರವೇ ಬರುತ್ತಾರೆ. ಹೋದ ತಿಂಗಳು ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಂದು, "ಮೇಡಂ, ಐವತ್ತೆರಡು ವರ್ಷದ ಹಿಂದೆ ರೈಲ್ವೆ ಗೇಟಿನ ಹತ್ತಿರ ಹಾರುವ ತಟ್ಟೆ ನೋಡಿದ್ದು ನಿಮ್ಮ ತಂದೆಯವರೇ ಅಲ್ವಾ?" ಎಂದು ಕೇಳಿದಾಗ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ.

"ಯಾರಮ್ಮ ನೀನು? ಮಾಡೋಕೆ ಬೇರೆ ಕೆಲಸ ಇಲ್ವಾ?"

ಹುಡುಗಿ ಹೆದರಲಿಲ್ಲ. ಹಳ್ಳಿಗಾಡಿನಲ್ಲಿ ಹಿಂದೆ ಜನ ಆಕಾಶದಲ್ಲಿ ನೋಡಿದ್ದನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಿದ್ದಾಳಂತೆ. ರೈಲ್ವೆಯ ಹಳೇ ಕಡತಗಳಿಂದ ಅಪ್ಪನ ವಿಚಾರಣೆಯ ಕಾಗದದ ನಕಲು ತೆಗೆಸಿಕೊಂಡು ಬಂದಿದ್ದಳು.

"ತಾತ ಹೇಳಿದ್ದೆಲ್ಲ ಇದರಲ್ಲಿದೆ ಮೇಡಂ. ಆದರೆ ಒಬ್ಬರೇ ಸಾಕ್ಷಿ ಇದ್ರೆ ನಾವು ಪುಸ್ತಕಕ್ಕೆ ಸೇರಿಸಲ್ಲ. ಇನ್ನೊಬ್ಬರು ಅಲ್ಲೇ ಇದ್ರಂತೆ, ಮಗಳು. ಹನ್ನೆರಡು ವರ್ಷ. ಅವರು ಏನೂ ನೋಡಿಲ್ಲ ಅಂದಿದ್ದಾರೆ."

ಅವಳು ಬೆರಳಿಟ್ಟು ತೋರಿಸಿದ ಕಡೆ ಗುಂಡು ಗುಂಡು ಅಕ್ಷರದಲ್ಲಿ ನನ್ನ ಸಹಿ ಇತ್ತು.

ಈಗಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನಗೆ ಆಗುವುದಿಲ್ಲ. ನಾನು ನೋಡಿದ್ದೆ.

ಅಪ್ಪ ಗೇಟ್‌ಕೀಪರ್. ಹೊಲಗಳ ನಡುವೆ ಒಂದೇ ಕೋಣೆಯ ಗೇಟ್‌ಮನೆ. ಗೋಡೆಗೆ ಹಿಡಿ ತಿರುಗಿಸುವ ಫೋನು, ಮೂಲೆಯಲ್ಲಿ ಕೆಂಪು ಬಾವುಟ, ಹಸಿರು ಬಾವುಟ, ಸ್ಟೂಲಿನ ಪಕ್ಕ ದಪ್ಪ ರಿಜಿಸ್ಟರು. ಸ್ಟೇಷನ್ ಮಾಸ್ಟರು ಫೋನು ಮಾಡಿ ಗಾಡಿ ಬಿಟ್ಟೆ ಎಂದು ಗುರುತಿಗೆ ಒಂದು ನಂಬರು ಹೇಳುವರು. ಅಪ್ಪ ಗೇಟು ಇಳಿಸಿ ಬೀಗ ಹಾಕಿ, ಹಾಕಿದ್ದರ ಗುರುತಿಗೆ ತನ್ನ ನಂಬರು ಹೇಳುವನು. ಎರಡನ್ನೂ ಗಂಟೆ ನಿಮಿಷದ ಸಮೇತ ಬರೆಯಬೇಕು. ಬರೆಯುವುದು ಎರಡು ನಿಮಿಷ ತಡವಾದರೆ ಅಪ್ಪ 'ಎರಡು ನಿಮಿಷ ತಡವಾಗಿ ಬರೆದಿದ್ದೇನೆ' ಎಂದೂ ಬರೆಯುವನು. ಹದಿನಾಲ್ಕು ವರ್ಷ ಹಾಗೇ ಬರೆದ. ಅಂಥ ಮನುಷ್ಯ!

ಆ ಸಂಜೆ ಶಾಲೆ ಬಿಟ್ಟಮೇಲೆ ನಾನು ಟೀ ಫ್ಲಾಸ್ಕು ತೆಗೆದುಕೊಂಡು ಹೋಗಿದ್ದೆ. ಇನ್ನೂ ಬಿಸಿಲಿತ್ತು. ಐದೂ ನಲವತ್ತರ ಪ್ಯಾಸೆಂಜರಿಗೆ ಗೇಟು ಹಾಕಿಯಾಗಿತ್ತು, ಆಚೆ ಈಚೆ ಯಾರೂ ನಿಂತಿರಲಿಲ್ಲ. ಹೊಲದ ಮೇಲಿಂದ ಅದು ಸದ್ದಿಲ್ಲದೆ ಬಂತು. ಎರಡು ಬಸ್ಸು ಅಡ್ಡ ನಿಲ್ಲಿಸಿದಷ್ಟು ಅಗಲ, ಪಾತ್ರೆಯ ಮುಚ್ಚಳದ ಹಾಗೆ ಗುಂಡಗೆ, ಬೆಳ್ಳಗೆ, ಆದರೆ ಹೊಳಪಿಲ್ಲ. ಬಂದದ್ದು ಹಳಿಯ ಮೇಲೆ, ಮನೆಯ ಎತ್ತರದಲ್ಲಿ ಸುಮ್ಮನೆ ನಿಂತುಬಿಟ್ಟಿತು. ಗಾಳಿಯೇ ಇರಲಿಲ್ಲ, ಆದರೂ ಅದರ ಕೆಳಗಿನ ಹುಲ್ಲೆಲ್ಲ ನೆಲಕ್ಕೆ ಮಲಗಿತ್ತು. ಅಪ್ಪ ತಲೆಯ ಟೋಪಿ ತೆಗೆದ, ಯಾಕೋ ಏನೋ. ಆಮೇಲೆ ಗಾಡಿಯ ನೆನಪಾಗಿ ಕೆಂಪು ಬಾವುಟ ಕಿತ್ತುಕೊಂಡು ಆ ವಸ್ತುವಿಗೆ ಬೆನ್ನು ಹಾಕಿ ಗಾಡಿ ಬರುವ ತಿರುವಿನ ಕಡೆ ಓಡಿದ. ಗಾಡಿ ನಿಂತು, ಅವನು ತಿರುಗಿ ನೋಡುವಷ್ಟರಲ್ಲಿ ಆಕಾಶ ಖಾಲಿಯಾಗಿತ್ತು. ತಿರುವಿನ ಮರಗಳ ಮರೆಯಲ್ಲಿದ್ದ ಡ್ರೈವರಿಗೆ ಏನೂ ಕಂಡಿರಲಿಲ್ಲ. ನಾನು ಒಳಗೆ ಓಡಿ, ತೆರೆದ ಬಾಗಿಲಿಗೆ ಎದುರಾಗಿ ಸ್ಟೂಲಿನ ಹಿಂದೆ ಕೂತುಬಿಟ್ಟಿದ್ದೆ.

ಗಾಡಿ ಹನ್ನೊಂದು ನಿಮಿಷ ನಿಂತಿತು. ಗಾಡಿ ನಿಲ್ಲಿಸಿದರೆ ಕಾರಣ ಬರೆಯಲೇಬೇಕು. ಸ್ಟೇಷನ್ ಮಾಸ್ಟರು ಒಳ್ಳೆಯವರು, ಫೋನಿನಲ್ಲಿ ಕೂಗಿ ಹೇಳಿದ್ದು ನನಗೂ ಕೇಳಿಸಿತು: "ದನ ಅಡ್ಡ ಬಂತು ಅಂತ ಬರೆದು ಕೈ ತೊಳ್ಕೊಳ್ರಿ ಅತ್ಲಾಗೆ!"

"ದನ ಬಂದಿಲ್ವಲ್ಲ ಸಾರ್," ಎಂದ ಅಪ್ಪ. ಕಂಡದ್ದನ್ನೇ ಬರೆದ, ಹುಲ್ಲು ಮಲಗಿದ್ದನ್ನೂ ಬಿಡದೆ.

ಮಾರನೇ ದಿನದಿಂದ ಶಾಲೆಯಲ್ಲಿ ನನ್ನ ಹೆಸರು ತಟ್ಟೆ. ನಾನು ತರಗತಿಗೆ ಕಾಲಿಟ್ಟರೆ ಸಾಕು, ಊಟದ ಡಬ್ಬಿಯ ಮುಚ್ಚಳ ಬಡಿಯುತ್ತಿದ್ದರು. ಮೇಷ್ಟ್ರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮನೆಗೆ ಬಂದು ಚೀಲವನ್ನು ಅಪ್ಪನ ಕಾಲ ಹತ್ತಿರ ಎಸೆದೆ.

"ದನ ಅಂತ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಾನು ಹೊರಗೆ ಮುಖ ತೋರಿಸೋದು ಹೇಗೆ?"

ಅಪ್ಪ ನಕ್ಕ. "ಬಾರೇ ಇಲ್ಲಿ. ದೊಡ್ಡ ಸಾಹೇಬರು ವಿಚಾರಣೆಗೆ ಬರ್ತಾರೆ. ನೀನೂ ಅಲ್ಲೇ ಇದ್ದೆಯಲ್ಲ, ಇಬ್ಬರ ಮಾತನ್ನ ಯಾರು ತಳ್ಳಿಹಾಕ್ತಾರೆ?"

ಅವನ ಜೊತೆ ಮಾತೇ ಬಿಟ್ಟೆ.

ಐದನೇ ದಿನ ಸಾಹೇಬರು ಬಂದರು. ಅಪ್ಪನ ಸ್ಟೂಲಿನ ಮೇಲೆ ಅವರು ಕೂತರು, ಅಪ್ಪ ಗೋಡೆಗೆ ಆತು ನಿಂತ. ಸಾಹೇಬರು ಕೆಟ್ಟವರೇನಲ್ಲ. "ಹೆದರಬೇಡ ಮಗು, ನೀನೇನು ನೋಡಿದೆ ಹೇಳು," ಎಂದರು. ಅಪ್ಪ ನನ್ನನ್ನು ನೋಡಿ ಮುಗುಳ್ನಕ್ಕ, ಇನ್ನೇನು ಎಲ್ಲ ಸರಿಹೋಯಿತು ಎನ್ನುವ ಹಾಗೆ. ಆ ನಗು ನೋಡಿಯೇ ನನಗೆ ಮೈ ಉರಿದುಹೋಯಿತು.

"ನಾನೇನೂ ನೋಡ್ಲಿಲ್ಲ," ಎಂದೆ.

ಅಪ್ಪನ ನಗು ತಕ್ಷಣ ಹೋಗಲಿಲ್ಲ, ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು. ಆಮೇಲೆ ಅವನೇ ಸಾಹೇಬರಿಗೆ ಹೇಳಿದ: "ಅವಳ ತಪ್ಪಿಲ್ಲ ಸಾರ್. ಆ ಕಡೆ ತಿರುಗಿದ್ದಳೋ ಏನೋ." ನಾನು ಸುಳ್ಳು ಹೇಳಿದ್ದು ಗೊತ್ತಾಗಿ ನನ್ನನ್ನು ಕಾಪಾಡುತ್ತಿದ್ದಾನೆ ಎಂದುಕೊಂಡೆ. ಅವನು ನನ್ನ ಮಾತನ್ನು ನಂಬಿಬಿಟ್ಟ ಎಂದು ಹೊಳೆಯಲೇ ಇಲ್ಲ.

ಅಪ್ಪನ ಕಣ್ಣು ಪರೀಕ್ಷೆ ಮಾಡಿಸಿದರು, ಕಣ್ಣು ಚೆನ್ನಾಗಿತ್ತು. ಹಾಗಾದರೆ ತಲೆಯೇ ಸರಿಯಿಲ್ಲ ಎಂದರು. ಗೇಟಿನಿಂದ ತೆಗೆದು ಯಾರ್ಡಿನ ಉಗ್ರಾಣಕ್ಕೆ ಹಾಕಿದರು. ಕಿಟಕಿಯಿಲ್ಲದ ಕೋಣೆಯಲ್ಲಿ ಲಾಟೀನುಗಳ ಗಾಜು ಒರೆಸುವುದು, ಎಣ್ಣೆ ತುಂಬುವುದು. ನಿವೃತ್ತಿಯವರೆಗೂ ಅಪ್ಪ ಅದನ್ನೇ ಮಾಡಿದ. ಮನೆಗೆ ಬಂದು ಎಷ್ಟು ಸೋಪು ಹಾಕಿ ತೊಳೆದರೂ ಸೀಮೆಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ.

ಆಗಾಗ ಊಟದ ಮಧ್ಯೆ ಕೇಳುತ್ತಿದ್ದ. "ಮಗಳೇ, ಆವತ್ತು ನೀನು ಯಾವ ಕಡೆ ನೋಡ್ತಿದ್ದೆ?"

"ಫ್ಲಾಸ್ಕ್ ತೊಳೀತಿದ್ದೆ."

"ತಲೆ ಎತ್ತಲೇ ಇಲ್ವಾ?"

"ಇಲ್ಲ ಅಂದ್ನಲ್ಲಪ್ಪ!"

"ಬಿಡ್ರೀ ಆ ಸುದ್ದಿ, ಅನ್ನ ಆರಿಹೋಗುತ್ತೆ," ಎನ್ನುತ್ತಿದ್ದಳು ಅಮ್ಮ. ಅಷ್ಟು ಹೊತ್ತಿಗೆ ನನ್ನ ಸಿಟ್ಟೆಲ್ಲ ಯಾವತ್ತೋ ಇಳಿದಿತ್ತು, ಬರೀ ಹೆದರಿಕೆ ಉಳಿದಿತ್ತು. ನಿಜ ಹೇಳಿದರೆ ಅವನ ಅನ್ನಕ್ಕೆ ಮಣ್ಣು ಹಾಕಿದವಳು ನಾನೇ ಎಂದಾಗುತ್ತಿತ್ತಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳು ಹೋದವು. ಎಂಟನೇ ವರ್ಷಕ್ಕೋ ಏನೋ ಅವನು ಕೇಳುವುದನ್ನೇ ನಿಲ್ಲಿಸಿದ. ಸದ್ಯ, ಮರೆತ ಎಂದು ನಾನು ನೆಮ್ಮದಿಯಿಂದ ಉಸಿರು ಬಿಟ್ಟೆ. ಎಂಥ ಪಾಪಿ ನಾನು!

"ಬರ್ಕೋ," ಎಂದೆ ಹುಡುಗಿಗೆ. "ನಾನು ನೋಡಿದ್ದೆ. ಬಾ, ಅಪ್ಪನ ಮುಂದೇನೇ ಹೇಳ್ತೀನಿ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಎಂಬತ್ತೆಂಟು ವರ್ಷ, ಕಾಲು ಸೋತಿದೆ, ಕಿವಿ ಬುದ್ಧಿ ಎರಡೂ ಚುರುಕು. ಹುಡುಗಿ ತಾನು ಬಂದ ವಿಷಯ, ಇಬ್ಬರು ಸಾಕ್ಷಿ ಬೇಕು ಎನ್ನುವುದನ್ನೂ ಸೇರಿಸಿ, ಹೇಳಿದಳು. ನಾನು ನೆಲದ ಮೇಲೆ ಕೂತು ಅವನ ಕಾಲು ಹಿಡಿದುಕೊಂಡೆ.

"ಅಪ್ಪಾ, ಆವತ್ತು ನಾನೂ ನೋಡಿದ್ದೆ ಕಣಪ್ಪ. ಸಿಟ್ಟಿಗೆ ಸುಳ್ಳು ಹೇಳಿಬಿಟ್ಟೆ. ನಿನ್ನ ಕೆಲಸ ಕಳೆದದ್ದು ನಾನು."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಹುಡುಗಿಯ ಕಡೆ ತಿರುಗಿದ.

"ಪುಸ್ತಕಕ್ಕೆ ಸೇರಿಸೋಕೆ ಇಬ್ಬರು ಬೇಕು ಅಂದೆ ಅಲ್ವೇನಮ್ಮ?"

"ಹೌದು ತಾತ."

"ಹಾಂ, ಅದಕ್ಕೇನಾ!" ಎಂದು ನಕ್ಕ.

"ಅದಕ್ಕಲ್ಲಪ್ಪ! ಬೆಳ್ಳಗೆ, ಮುಚ್ಚಳದ ಹಾಗಿತ್ತು. ಹುಲ್ಲೆಲ್ಲ ಮಲಗಿತ್ತು. ನೀನು ಟೋಪಿ ತೆಗೆದೆ—"

"ಅದೆಲ್ಲ ನಾನೇ ಸಾವಿರ ಸಲ ಹೇಳಿದ್ದಲ್ವಾ. ನಿಮ್ಮಮ್ಮನಿಗೂ ಬಾಯಿಪಾಠ ಆಗಿತ್ತು."

ಅವನು ಹೇಳದೇ ಇದ್ದದ್ದು ಒಂದೇ ಒಂದಿತ್ತು. ಈ ಕಥೆ ಕೇಳುತ್ತಿರುವ ನಿಮಗೂ ನಾನು ಇನ್ನೂ ಹೇಳಿಲ್ಲ.

"ನೀನು ಓಡಿದ್ಮೇಲೆ ಅದು ಮೊದಲು ಒಂದು ಪಕ್ಕಕ್ಕೆ ವಾಲಿತಪ್ಪ. ತಳದಲ್ಲಿ ಒಂದು ಕಡೆ ಮಸಿ ಹಿಡಿದ ಹಾಗೆ ಕಪ್ಪಗಿತ್ತು. ಆಮೇಲೆ ಹುಲ್ಲು ತಾನಾಗೇ ಎದ್ದು ನಿಂತ್ಕೊಂಡಿತು. ಹುಲ್ಲು ಎದ್ದ ಮೇಲೇನೇ ಅದು ಮೇಲೆ ಹೋಗಿದ್ದು, ನಿಧಾನಕ್ಕೆ, ಪೂರ್ವಕ್ಕೆ."

ಅಪ್ಪ ಮುಂದಕ್ಕೆ ಬಾಗಿದ. "ಹಾಗಾ ಹೋಯ್ತು?" ಎಂದ, ಮಕ್ಕಳು ಕೇಳುವ ಹಾಗೆ. ನನಗೆ ಜೀವ ಬಂತು. ಆದರೆ ಮತ್ತೆ ಗೋಡೆಗೆ ಒರಗಿ ತಲೆಯಾಡಿಸಿದ.

"ಚೆನ್ನಾಗಿ ಕಟ್ಟಿದೀಯ ಕಣೇ. ಎಷ್ಟು ಚೆನ್ನಾಗಿದೆ!"

"ಕಟ್ಟಿದ್ದಲ್ಲಪ್ಪ, ನಿನ್ನಾಣೆಗೂ ನಿಜ!"

"ಹನ್ನೆರಡು ವರ್ಷದ ಮಗು ಅಷ್ಟು ದೊಡ್ಡ ಸಾಹೇಬರ ಮುಂದೆ ಸುಳ್ಳು ಹೇಳುತ್ತಾ? ಅದೂ ನನ್ನ ಮಗಳು? ನೀನು ಅಲ್ಲೇ ನಿಂತಿದ್ದೂ ನೋಡ್ಲಿಲ್ಲ ಅಂದ್ಮೇಲೆ ಅದು ಅಲ್ಲಿ ಇರ್ಲಿಲ್ಲ. ಅಷ್ಟನ್ನ ಒಪ್ಪಿಕೊಳ್ಳೋಕೆ ನನಗೆ ಎಂಟು ವರ್ಷ ಬೇಕಾಯ್ತು. ಒಪ್ಪಿಕೊಂಡ ಮೇಲೆ ಸ್ವಲ್ಪ ನಿದ್ದೆ ಬಂತು." ಹುಡುಗಿಗೆ ಹೇಳಿದ: "ಬರ್ಕೋಬೇಡಮ್ಮ. ಇವಳು ಸುಳ್ಳು ಹೇಳೋಳಲ್ಲ, ನನ್ನ ಮೇಲಿನ ಪ್ರೀತಿಗೆ ಹೇಳ್ತಿದಾಳೆ."

ಹುಡುಗಿ ಪೆನ್ನು ಮುಚ್ಚಿದಳು. ನಾನು ಅವನ ಮೊಣಕಾಲಿಗೆ ಹಣೆ ಒತ್ತಿ ಗಟ್ಟಿಯಾಗಿ ಅತ್ತೆ. ಅಪ್ಪ ನನ್ನ ನರೆತ ತಲೆಯ ಮೇಲೆ ಕೈಯಾಡಿಸುತ್ತ ಸಮಾಧಾನ ಮಾಡುತ್ತಲೇ ಇದ್ದ.

"ಸುಮ್ನಿರೇ ಹುಚ್ಚಿ. ತಪ್ಪು ನೋಡಿದವನು ನಾನು. ನೀನ್ಯಾಕೆ ಅಳ್ತೀಯ?"