ಪುಷ್ಯದ ಹಡಗು

ಭೀಮಮ್ಮ ಮೊಣಕೈವರೆಗೂ ಸಗಣಿ ಮಾಡಿಕೊಂಡು ತೊಗರಿಯ ಕಣ ಸಾರಿಸುತ್ತಿದ್ದಳು. ಸೊಸೆ ಮಾಳಮ್ಮ ಚೆಂಬಿನಿಂದ ನೀರು ಚಿಮುಕಿಸುತ್ತಿದ್ದಳು. ಭೀಮಮ್ಮನ ಗಂಡ ಕಾಶಪ್ಪ ಬದುವಿನ ಮೇಲೆ ಕುಳಿತು, ಪಕ್ಕದ ಹೊಲದ ಅಬ್ದುಲ್ ಗನಿಗೆ ಮಗಳ ಸುದ್ದಿಯನ್ನು ಮತ್ತೊಮ್ಮೆ ಹೇಳುತ್ತಿದ್ದ.

"ನಮ್ಮ ಚಂದಮ್ಮ ಅಂಡಮಾನದಾಗ ದೊಡ್ಡ ದವಾಖಾನಿ ನರ್ಸಬಾಯಿ! ಮುಧೋಳದಾಗ ಮತ್ಯಾರ ಮಗಳು ಸಮುದ್ರ ದಾಟ್ಯಾಳ, ಹೇಳು?"

"ಊರಾಗಿನ ಎತ್ತಿಗೂ ಗೊತ್ತಾಗ್ಯದ ಕಾಶಪ್ಪಣ್ಣ. ನೀವು ಹೋಗೋದು ಯಾವಾಗ, ಅದು ಹೇಳು."

ಭೀಮಮ್ಮನನ್ನು ಕೊರೆಯುತ್ತಿದ್ದುದೂ ಅದೇ. ನಾಗರಪಂಚಮಿಗೆ ಬಂದ ಕಾಗದದಲ್ಲಿ ಮಗಳು ಬರೆದಿದ್ದಳು: ಪುಷ್ಯ, ಮಾಘದಲ್ಲಿ ಸಮುದ್ರ ಕೆರೆಯಂತೆ ತಣ್ಣಗಿರುತ್ತದೆ, ಆಗ ಬಾ, ಯುಗಾದಿ ಕಳೆದರೆ ನನಗೆ ಇನ್ನೂ ಆಚೆಯ ದ್ವೀಪಕ್ಕೆ ವರ್ಗ, ಅಲ್ಲಿಗೆ ನಿನ್ನಿಂದ ಬರಲಾಗದು. ಭೀಮಮ್ಮ ಉತ್ತರ ಬರೆದಿಟ್ಟಿದ್ದಳು. ತಾನು ಯಾವ ತಿಂಗಳು ಬರುತ್ತೇನೆಂದು ಬರೆಯುವ ಜಾಗ ಮಾತ್ರ ಖಾಲಿ. ಪುಷ್ಯವೆಂದರೆ ತೊಗರಿ ರಾಶಿ. ರಾಶಿಗೆ ಪೂಜೆ ಮಾಡಿ ಮೊದಲ ಮೊರ ತುಂಬುವುದು ಅವರ ಮನೆತನದಲ್ಲಿ ಹಿರಿಯ ಹೆಣ್ಣಿನ ಹಕ್ಕು. ಅತ್ತೆ ಸಾಯುವತನಕ ಆ ಮೊರ ಬಿಟ್ಟುಕೊಟ್ಟಿರಲಿಲ್ಲ. ಭೀಮಮ್ಮ ತಲೆ ನರೆಯುವತನಕ ಕಾದು ಪಡೆದದ್ದು ಅದು.

"ರಾಶಿ, ಸುಗ್ಗಿ ಎಲ್ಲಾ ಮುಗಿಸಿ ವೈಶಾಖದಾಗ ಹೋದರಾಯ್ತು," ಎಂದ ಕಾಶಪ್ಪ. "ನಮಗೂ ಪುರಸೊತ್ತು, ಸಮುದ್ರಕ್ಕೂ ಪುರಸೊತ್ತು. ಮಿರುಗದ ನಕ್ಷತ್ರ ಕೂಡೋತನಕ ಮಳಿ ಎಲ್ಲಿಂದ ಬರ್ತದ?"

ಗನಿ ಜೋರಾಗಿ ನಕ್ಕ. "ಸಮುದ್ರ ನಿನ್ನ ಮಿರುಗ ಕೇಳ್ತದೇನು? ಹಜ್ ಮುಗಿಸಿ ಬರೋ ಮುಂದ ನಮ್ಮ ಜಹಾಜು ಮಳಿಗಾಳಿಗೆ ಸಿಕ್ಕಿತ್ತು. ತಿಂದದ್ದೆಲ್ಲ ಮೀನಿಗೆ ದಾನ-ಖೈರಾತ್ ಕೊಟ್ಟು ಬಂದೀನಿ! ಯಕ್ಕಾ, ಮಗಳು ಕರೀಲಿಕತ್ತಾಳ, ಅಕಿ ಹೇಳಿದ ತಿಂಗಳಾಗೇ ಹೋಗು."

ಭೀಮಮ್ಮನ ಕೈ ನಿಂತಿತು. ತಲೆಯೆತ್ತಿ ಸೊಸೆಯನ್ನು ನೋಡಿದಳು.

"ಮಾಳವ್ವಾ, ಈ ಸಲ ಮೊದಲ ಮೊರ ನೀ ತುಂಬು."

ಮಾಳಮ್ಮನ ಕೈಯ ಚೆಂಬು ಜಾರಿತು. "ನಾನಾ? ಕೈ ನಡಗ್ತಾವ ಅತ್ತಿ."

"ಮೊದಲ ವರ್ಷ ನನ್ನವೂ ನಡಗಿದ್ದವು. ಮೊರ ಬಿದ್ದಿತ್ತೇನು?"

ಕಾಶಪ್ಪ ಎದ್ದು ನಿಂತ. "ಅತ್ತಿ ಇರೋ ಮುಂದ ಸೊಸಿ ಮೊರ ಮುಟ್ಟಿದರ ಮಂದಿ ಏನಂತಾರ?"

"ಸೊಸಿ ಮನಿ ಹಿಡದಾಳ ಅಂತಾರ. ಮಗಳು ಸಮುದ್ರದಾಚಿ ರೋಗಿ ನೋಡ್ತಾಳ, ಸೊಸಿ ಇಲ್ಲಿ ರಾಶಿ ನೋಡ್ತಾಳ. ಇಂಥ ಹೆಣ್ಮಕ್ಕಳು ಮುಧೋಳದಾಗ ಮತ್ಯಾರ ಮನ್ಯಾಗ ಅದಾರ, ಹೇಳ್ರಿ?"

ಕಾಶಪ್ಪ ಮೀಸೆಯ ಮೇಲೆ ಕೈಯಾಡಿಸಿ, "ಗನೀ, ನಮ್ಮ ಸೊಸಿ ಸುದ್ದಿ ನಿನಗ ಹೇಳೀನೇನು?" ಎಂದ.

"ಯಾ ಅಲ್ಲಾ," ಎಂದು ಗನಿ ತಲೆಗೆ ಕೈಹಚ್ಚಿಕೊಂಡ.

ಭೀಮಮ್ಮ ಕೈ ತೊಳೆದು ಮನೆಗೆ ಹೋಗಿ, ಖಾಲಿ ಬಿಟ್ಟ ಜಾಗದಲ್ಲಿ 'ಪುಷ್ಯ' ಎಂದು ದಪ್ಪಗೆ ಬರೆದಳು. ಕಾಗದ ಅಂಟಿಸಿ, ಯಾರ ಕೈಗೂ ಕೊಡದೆ, ಎಲ್ಲರೂ ನೋಡುವಂತೆ ಊರ ನಡುವೆ ತಾನೇ ನಡೆದುಹೋಗಿ ಟಪಾಲು ಡಬ್ಬಿಗೆ ಹಾಕಿದಳು.