ಬಾಂಗಿಗೆ ನಿಲ್ಲದ ಸುತ್ತಿಗೆ

ಸವಣೂರಿನ ಹೊರಗೆ ಶಿಗ್ಗಾವಿ ರಸ್ತೆಗೆ ಮುಖ ಮಾಡಿ ನಿಂತಿರುವ ಪರಮೇಶಪ್ಪನ ಗ್ಯಾರೇಜಿನಲ್ಲಿ ಗಡಿಯಾರ ಇಲ್ಲ. ಹಿಂದೆ ಒಂದಿತ್ತು. ಅದು ನಿಂತ ಮೇಲೆ ಇನ್ನೊಂದು ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬೆಳಿಗ್ಗೆ ಪರಮೇಶಪ್ಪ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಬಂದು ಬಾಗಿಲು ತೆಗೆದರೆ ಕೆಲಸ ಸುರು. ಮಧ್ಯಾಹ್ನ ಮಸೀದಿಯ ಬಾಂಗು ಕೇಳಿದರೆ ಸುತ್ತಿಗೆಗಳೆಲ್ಲ ನೆಲಕ್ಕೆ. ನಮಾಜಿನವರು ನಮಾಜಿಗೆ, ಉಳಿದವರು ಬುತ್ತಿಗೆ. ದೇವರನ್ನು ಕರೆಯುವ ದನಿಯ ಮೇಲೆ ಕಬ್ಬಿಣದ ದನಿ ಬೀಳಬಾರದು ಅಂತ ಪರಮೇಶಪ್ಪನ ಅಪ್ಪ ಹಾಕಿಟ್ಟ ಕಟ್ಟಳೆ ಅದು.

ಹಳೇ ಕಾರುಗಳು ಪುಣೆ, ಬೆಳಗಾವಿಗಳಿಂದ ಲಾರಿ ಏರಿ ಅಲ್ಲಿಗೆ ಬರುತ್ತಿದ್ದವು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಬಾಗಿಲು ಕಳಚಿದ ಅಂಬಾಸಿಡರ್, ಎಂಜಿನ್ ಇಳಿಸಿದ ಫಿಯೆಟ್, ಇಲಿ ಸಂಸಾರ ಹೂಡಿದ್ದ ಜೀಪು. ಇಷ್ಟೆಲ್ಲ ಬರುತ್ತಿದ್ದುದು ಇಜಾಜನ ಕೈಯನ್ನು ನಂಬಿ. ಅವನು ತಗಡು ಬಡಿಯುವವ. ಸೊಟ್ಟ ತಗಡನ್ನು ಕಣ್ಣಿಗಿಂತ ಹೆಚ್ಚು ಕಿವಿಯಿಂದ ನೋಡುತ್ತಿದ್ದ. ದಪ್ಪ ಇದ್ದಲ್ಲಿ ಅದರ ದನಿ ಒಂದು, ತೆಳ್ಳಗಾದಲ್ಲಿ ಇನ್ನೊಂದು. "ಇನ್ನ ಬಡದ್ರ ಅಳ್ತೈತ್ರಿ ಇದು" ಅಂತ ಕೈ ಎತ್ತಿಬಿಡುತ್ತಿದ್ದ. ತಗ್ಗಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವವರನ್ನು ಕಂಡರೆ ಅವನಿಗೆ ನಗು. "ಮುದುಕಿಗೆ ಪೌಡರ್ ಬಡದಂಗ!"

ಆ ದಿನ ಅವನ ಮುಂದೆ ಇದ್ದದ್ದು ಚಿಕ್ಕೇರೂರಿನ ಚನ್ನವೀರಪ್ಪನ ಅಜ್ಜನ ಕಾಲದ ಮಾರಿಸ್ ಕಾರಿನ ಮುಂದಿನ ಮಡ್‌ಗಾರ್ಡು. ಎಷ್ಟು ಊರು ತಿರುಗಿದರೂ ಅಂಥದು ಇನ್ನೊಂದು ಸಿಕ್ಕುವುದಿಲ್ಲ.

ಬಾಂಗು ಆಯಿತು. ವೆಲ್ಡಿಂಗಿನ ಕಿಡಿ ನಿಂತಿತು. ಒಂದು ಸುತ್ತಿಗೆ ಮಾತ್ರ ಟಣ್ ಟಣ್ ಅನ್ನುತ್ತಲೇ ಇತ್ತು. ಇಜಾಜ ಗೋಡೆಗೆ ಮುಖ ಮಾಡಿ, ಮಡ್‌ಗಾರ್ಡಿನೊಳಗೆ ತಲೆ ಹಾಕಿ ಬಡಿಯುತ್ತಿದ್ದ.

"ಇಜಾಜಭಾಯಿ ಇವತ್ತ ಅಲ್ಲಾಗ ಓವರ್‌ಟೈಮ್ ತೋರ್ಸಾಕತ್ತಾರ!" ಅಂದ ಬಣ್ಣ ಹೊಡೆಯುವ ಸುದೀಪ. ಎಲ್ಲರೂ ನಕ್ಕರು. ಪರಮೇಶಪ್ಪನೂ ನಕ್ಕ. ಆಮೇಲೆ ಅವನ ನಗು ಬಾಯಲ್ಲೇ ನಿಂತಿತು. ಹಿಂದೆ ಹೋಗಿ "ಇಜಾಜಾ" ಅಂದ. ಇನ್ನೊಮ್ಮೆ ಜೋರಾಗಿ ಕೂಗಿದ. ಟಣ್ ಟಣ್.

ಹೆಗಲು ಮುಟ್ಟಿದಾಗ ಇಜಾಜ ಬೆಚ್ಚಿ ತಿರುಗಿದ. ಎಲ್ಲರ ಕೈ ಖಾಲಿ ಇರುವುದನ್ನು ಕಂಡ. ಮುಖದ ಕಳೆ ಇಳಿದುಹೋಯಿತು.

"ಕೆಲ್ಸದ ಗುಂಗಿನ್ಯಾಗ ಖಬರ ಇರ್ಲಿಲ್ರಿ" ಅಂದ, ಬೇಕಾದ್ದಕ್ಕಿಂತ ಗಟ್ಟಿಯಾಗಿ.

ಪರಮೇಶಪ್ಪ ಮಡ್‌ಗಾರ್ಡನ್ನು ಬೆಳಕಿಗೆ ಹಿಡಿದ. ಬಾಗಿನಲ್ಲಿ ತಗಡು ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ, ಕೂದಲೆಳೆಯಷ್ಟು ಸೀಳಿ, ಅದರಿಂದ ಆಚೆಯ ಬಿಸಿಲು ಕಾಣುತ್ತಿತ್ತು. ಅದು ಎಷ್ಟು ಅತ್ತಿತೋ, ಇಜಾಜನಿಗೆ ಕೇಳಿಸಿರಲಿಲ್ಲ. ಬಹಳ ದಿನದಿಂದ ಇಜಾಜ ಬಾಂಗಿನ ಹೊತ್ತಿಗೆ ತಲೆ ಎತ್ತಿ, ಸುದೀಪನ ಕೈ ನಿಂತಿತೇ ಅಂತ ನೋಡುತ್ತಿದ್ದುದು ಪರಮೇಶಪ್ಪನಿಗೆ ಈಗ ನೆನಪಾಯಿತು.

ಎಲ್ಲರೂ ಆಚೆ ಹೋದ ಮೇಲೆ ಎದುರಿಗೆ ಕೂತು, ತುಟಿ ನೋಡಿ ತಿಳಿಯುವಂತೆ ಬಿಡಿಸಿ ಬಿಡಿಸಿ ಕೇಳಿದ. "ಯಾವಾಗಿಂದ?"

"ಹ್ವಾದ ರಂಜಾನಿಂದ್ರಿ. ಹುಬ್ಬಳ್ಳಿ ಡಾಕ್ಟರ್ ಕಿವಿ ನರಾ ಸತ್ತಾವ ಅಂದ್ರು. ಮಷೀನ್ ಹಾಕಿದ್ರ ಬರೇ ಗುಂಯ್ ಅಂತೈತಿ. ಮನ್ಯಾಗ ಹೇಣ್ತಿ ಮಾಬೂಬಿ ಒಬ್ಬಾಕಿಗೆ ಗೊತ್ತೈತಿ."

"ನನಗ ಯಾಕ ಹೇಳ್ಲಿಲ್ಲೊ?"

"ಹೇಳಿದ್ರ ಸುತ್ತಿಗಿ ಕಸಗೋತಿದ್ರಿ."

"ನಾ ಯಾಕ ಕಸಗೊಳ್ಳಿ?" ಅಂದ ಪರಮೇಶಪ್ಪ. ಆದರೆ ಸೀಳಿದ ತಗಡು ಇಬ್ಬರ ನಡುವೆ ಬಿದ್ದಿತ್ತು. ಹೆಚ್ಚು ಹಿಗ್ಗಿದ ತಗಡು ಹಿಂದಕ್ಕೆ ಬರುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಪರಮೇಶಪ್ಪ ಚನ್ನವೀರಪ್ಪನಿಗೆ ಫೋನ್ ಮಾಡಿ, ಮಡ್‌ಗಾರ್ಡು ಕೆಟ್ಟಿತು ಅಂದ. ಆ ಮನುಷ್ಯ ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಆತ್ ಬಿಡ್ರಿ, ಹೊಸಾ ತಗಡ ತಂದು ಮಾಡಸ್ರಿ. ಇಜಾಜ ಇರೂತನಕ ನಮಗೇನ ಚಿಂತಿ?" ಅಂದ. ಪರಮೇಶಪ್ಪ ಹೂಂ ಅಂದ.

ಗುಜರಿಗೆ ಹೋಗಬೇಕಾದದ್ದನ್ನು ಓಡುವಂತೆ ಮಾಡಿ ಕಳಿಸಿದ ಗ್ಯಾರೇಜು ಅದು. ಇಲ್ಲಿ ಬಂದು ಜೀವ ಬರದ ಸಾಮಾನಿಲ್ಲ ಅಂತ ಪರಮೇಶಪ್ಪ ಮದುವೆಮನೆಗಳಲ್ಲಿ ಹೇಳಿಕೊಂಡವ. ಮರುದಿನ ಬೆಳಿಗ್ಗೆ ಅಂಗೈಯ ಲಿಂಗವನ್ನು ನೋಡುತ್ತ ಏನೋ ಬೇಡಲು ಬಾಯಿ ತೆರೆದ. ಏನು ಬೇಡಬೇಕೆಂದು ತಿಳಿಯದೆ ಪತ್ರಿ ಏರಿಸಿ ಎದ್ದ.

ಗ್ಯಾರೇಜಿನಲ್ಲಿ ಅವನು ಸುತ್ತಿಗೆ ಕಸಿದುಕೊಳ್ಳಲಿಲ್ಲ, ತಗಡೂ ಕೊಡಲಿಲ್ಲ. ಇಜಾಜನೂ ಕೇಳಲಿಲ್ಲ. ತಾನಾಗಿಯೇ ಒಂದು ಮೂಲೆ ಹಿಡಿದು, ಹುಣಸೆಹಣ್ಣಿನಿಂದ ಹೆಡ್‌ಲೈಟಿನ ಹಿತ್ತಾಳೆ ಬಳೆ ತಿಕ್ಕುತ್ತ ಕೂತ. ಸುದೀಪ ಆ ದಿನ ಚೇಷ್ಟೆ ಮಾಡಲಿಲ್ಲ.

ಮಧ್ಯಾಹ್ನ ಬಾಂಗು ಸುರುವಾಯಿತು. ಸುತ್ತಿಗೆಗಳು ಮಲಗಿದವು. ಇಜಾಜ ತಲೆ ಎತ್ತಿ ಯಾರನ್ನೂ ನೋಡಲಿಲ್ಲ, ತಿಕ್ಕುತ್ತಲೇ ಇದ್ದ. ಪರಮೇಶಪ್ಪ ಹೋಗಿ ಹೆಗಲ ಮೇಲೆ ಕೈ ಇಟ್ಟ.

"ಬಾಂಗ ಆತೇನ್ರಿ?"

"ಆಗಾಕತ್ತೈತಿ."

ಇಜಾಜ ಎದ್ದ, ಕೈ ಒರೆಸಿಕೊಂಡ. ನಾಲ್ಕು ಹೆಜ್ಜೆ ಹೋದವ ತಿರುಗಿ ಬಂದ. "ಬಾಂಗ ಕೂಗೂದು ಯಾರ ದನಿರಿ ಇವತ್ತ? ಮುದುಕಪ್ಪಂದೋ, ಹೊಸಬರದೋ?"

ಪರಮೇಶಪ್ಪ ಕಿವಿಗೊಟ್ಟ. ಇಷ್ಟು ವರ್ಷ ಸುತ್ತಿಗೆ ನಿಲ್ಲಿಸಿದ್ದ, ಹೀಗೆ ಕೇಳಿರಲಿಲ್ಲ. "ಮುದುಕಪ್ಪಂದ. ಥಂಡಿ ಆಗಿರ್ಬೇಕು. ಕಡೀಕ ಎಳಿಯೂವಾಗ ದನಿ ಒಡದೈತಿ ನೋಡು."

"ಒಡದೈತಿ?" ಇಜಾಜ ಅವನ ತುಟಿಯನ್ನೇ ನೋಡುತ್ತಿದ್ದ. ಸಣ್ಣಗೆ ನಕ್ಕ. "ಸುಂಠಿ ಕಷಾಯ ಕುಡಿ ಅಂತ ಹೇಳ್ತೇನ್ರಿ ಮುದುಕಪ್ಪಗ."

ಅವನು ಹೋದ ಮೇಲೆ ಪರಮೇಶಪ್ಪ ಗೋಡೆಗೆ ಒರಗಿಸಿದ್ದ ಮಡ್‌ಗಾರ್ಡಿನ ಮುಂದೆ ನಿಂತ. ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದ. ಸ್ವಲ್ಪ ಕೆಳಗೆ ಇನ್ನೊಮ್ಮೆ ತಟ್ಟಿದ. ತಗಡು ಎರಡು ಸಲವೂ ಏನೋ ಅಂದಿತು. ಅವನಿಗೆ ಎರಡೂ ಒಂದೇ ಆಗಿ ಕೇಳಿದವು.